ಲಾಂಚಿನಲ್ಲಿ ಹೋದವರು ಲೇಖನದಲ್ಲಿ ಯಾಕಿಲ್ಲ?

ಉಪ್ಪಳದ ಗೆಳೆಯರೇ,

'ಭಾರತ ಮತ್ತು ಯುಎಇ: ಬಾಂಧವ್ಯದ ಹೆಜ್ಜೆಗಳು' ಎಂಬ ನಿಮ್ಮ ಲೇಖನ ತಲುಪಿತು. ತಾರೀಕುಗಳು ಸರಿ ಇವೆ. 2022ರ ವ್ಯಾಪಾರ ಒಪ್ಪಂದದ ಭಾಗ ಎಲ್ಲರಿಗೂ ಅರ್ಥವಾಗುವ ಹಾಗಿದೆ. ಆದರೂ ಈಗ ಪ್ರಕಟಿಸುವುದಿಲ್ಲ. ಕಾರಣ ಹೇಳುತ್ತೇನೆ.

ಲೇಖನದ ಜೊತೆಗಿಟ್ಟ ಪತ್ರದಲ್ಲಿ ನೀವು ಹೀಗೆ ಬರೆದಿದ್ದೀರಿ: 'ನನ್ನ ಅಜ್ಜ 1965ರಲ್ಲಿ ಮಳೆಗಾಲ ಮುಗಿದ ಮೇಲೆ ಬೊಂಬಾಯಿಯಿಂದ ಲಾಂಚಿನಲ್ಲಿ, ಅಂದರೆ ಯಂತ್ರದ ದೋಣಿಯಲ್ಲಿ ಹೋದವರು. ಈಗಿನ ಯುಎಇಯ ಕರಾವಳಿಯ ಖೋರ್‌ಫಕ್ಕಾನಿನ ಹತ್ತಿರ ನೀರಿಗೆ ಹಾರಿ ಈಜಿ ದಡ ಸೇರಿದರಂತೆ.' ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅದೇ ಆಸೆಯಿಂದ ಲೇಖನ ತೆರೆದೆ. ಎಂಟು ಪುಟದಲ್ಲಿ ಅಜ್ಜ ಎಲ್ಲೂ ಇಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂತು.

ನಿಮ್ಮ ಮೂರನೇ ಪುಟ ನೋಡಿ. 'ಸಂಬಂಧ ಬಲಗೊಂಡಿತು.' ಯಾರು ಬಲಗೊಳಿಸಿದರು? 'ಉದ್ಯೋಗಾವಕಾಶಗಳು ಸೃಷ್ಟಿಯಾದವು.' ಯಾರಿಗೆ, ಯಾವ ಕೆಲಸ? 'ಅನೇಕರು ವಲಸೆ ಹೋದರು.' ಹೇಗೆ ಹೋದರು? ವೀಸಾ ಇತ್ತಾ? ಇಡೀ ಪುಟದಲ್ಲಿ ಎಲ್ಲವೂ ತಾನಾಗಿಯೇ ಆಗುತ್ತದೆ, ಮಾಡುವ ಮನುಷ್ಯನೇ ಇಲ್ಲ.

'1972ರಲ್ಲಿ ಉಭಯ ದೇಶಗಳ ಸಂಬಂಧಕ್ಕೆ ನಾಂದಿ ಹಾಡಲಾಯಿತು' ಎಂದಿದ್ದೀರಿ. ರಾಯಭಾರ ಸಂಬಂಧಕ್ಕೆ ಅದು ಸರಿ. ಆದರೆ ಯುಎಇ ಎಂಬ ದೇಶ ಹುಟ್ಟಿದ್ದೇ 1971ರ ಡಿಸೆಂಬರ್ 2ರಂದು. ಅಬುಧಾಬಿಯಲ್ಲಿ ನಮ್ಮ ರಾಯಭಾರ ಕಚೇರಿ ತೆರೆದದ್ದು 1973ರಲ್ಲಿ. ನಿಮ್ಮ ಅಜ್ಜ ದಡ ಸೇರಿದಾಗ ಆ ದೇಶವೇ ಇರಲಿಲ್ಲ, ಅಲ್ವಾ? ಬ್ರಿಟಿಷರ ರಕ್ಷಣೆಯಲ್ಲಿದ್ದ ಶೇಖ್‌ಗಳ ಸಣ್ಣ ಸಣ್ಣ ರಾಜ್ಯಗಳಿದ್ದವು, ಅಷ್ಟೆ. ನೀವು ಹೇಳುವ ನಾಂದಿಗೆ ಮೊದಲೇ ಉಪ್ಪಳದವರು ಅಲ್ಲಿದ್ದರು.

ಇನ್ನೊಂದು ಸಾಲು: '1981ರಲ್ಲಿ ಇಂದಿರಾ ಗಾಂಧಿ, 2015ರಲ್ಲಿ ನರೇಂದ್ರ ಮೋದಿ ಭೇಟಿ ನೀಡಿದರು.' ಈ ಎರಡು ಭೇಟಿಗಳ ನಡುವೆ 34 ವರ್ಷ. ಅಷ್ಟೂ ಕಾಲ ಭಾರತದ ಒಬ್ಬ ಪ್ರಧಾನಿಯೂ ಅಲ್ಲಿಗೆ ಹೋಗಲಿಲ್ಲ. ನೀವು ಅದನ್ನು ಒಂದು ಅಲ್ಪವಿರಾಮದಲ್ಲಿ ದಾಟಿದಿರಿ. ಮಂಜೇಶ್ವರದಲ್ಲಿ, ಕುಂಬಳೆಯಲ್ಲಿ ಮನೆಗಳಿಗೆ ಡ್ರಾಫ್ಟ್ ಬಂದದ್ದು, ಹೆಂಚಿನ ಮಾಡು ಹೋಗಿ ತಾರಸಿ ಬಂದದ್ದು, ಮಕ್ಕಳು ಅಪ್ಪನನ್ನು ಎರಡು ವರ್ಷಕ್ಕೊಮ್ಮೆ ನೋಡಿದ್ದು ಆ 34 ವರ್ಷಗಳಲ್ಲೇ. ಬಾಂಧವ್ಯ ಅಂದರೆ ನನಗೆ ಇದು.

ನಾನು ಕಾಸರಗೋಡಿನ ಒಂದು ಸಣ್ಣ ಕನ್ನಡ ಪತ್ರಿಕೆಯಲ್ಲಿ ಕೆಲಸ ಕಲಿತವನು. ಅಲ್ಲೊಬ್ಬರು ಹಿರಿಯರಿದ್ದರು. ಯಾರ ಬರಹವಾದರೂ ಸರಿ, ಮಾಡಿದವರು ಕಾಣದ ಸಾಲಿನ ಪಕ್ಕ ಕೆಂಪು ಪೆನ್ಸಿಲಿನಲ್ಲಿ 'ಯಾರು?' ಎಂದು ಗೀಚುತ್ತಿದ್ದರು. ಕಾಸರಗೋಡಿನ ತಳಂಗರೆಯಲ್ಲಿ ಹೊಲಿಯುವ ಮುಸ್ಲಿಮರ ಟೊಪ್ಪಿ ಗಲ್ಫಿಗೆ ಹೋಗುತ್ತದೆ ಎಂಬ ಸುದ್ದಿ ಬರೆಯಲು ನನಗೆ ಹೇಳಿದಾಗ, ಪೇಪರ್ ಕೊಡುವ ಮೊದಲು 'ಹೋಗಿ ಕೇಳಿ ಬಾ, ಆಮೇಲೆ ಬರಿ' ಎಂದರು. ಹೋದೆ. ಮನೆಯ ಜಗಲಿಯಲ್ಲಿ ಹೆಂಗಸರು ಕೂತು ಕೈಯಲ್ಲೇ ಹೊಲಿಯುತ್ತಿದ್ದರು. ರಜೆ ಮುಗಿಸಿ ಹೊರಟ ಗಂಡಸರ ಪೆಟ್ಟಿಗೆಯಲ್ಲಿ ಆ ಟೊಪ್ಪಿಗಳು ಹೋಗುತ್ತಿದ್ದವು. ರಫ್ತು ಎಂದರೇನು ಎಂದು ನನಗೆ ಗೊತ್ತಾದದ್ದು ಆ ಜಗಲಿಯಲ್ಲಿ. ಆ ಹಿರಿಯರು ಈಗಿಲ್ಲ. ಅವರ ಪೆನ್ಸಿಲ್ ನನ್ನ ಕೈಯಲ್ಲಿದೆ ಎಂದುಕೊಂಡೇ ನಿಮಗೆ ಬರೆಯುತ್ತಿದ್ದೇನೆ.

ಎರಡನೇ ತಕರಾರು. 'ಒಂದು ಕಾಲದಲ್ಲಿ ಅಲ್ಲಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು' ಎಂದು ಹೇಳಿ ಸುಮ್ನೆ ಮುಂದೆ ಹೋಗಿದ್ದೀರಿ. ಇಂಥ ಸಂಗತಿ ಸಿಕ್ಕಾಗ ನಿಲ್ಲಬೇಕು. ಆಗ ದುಬೈಯ ಚಿನ್ನ ಕಳ್ಳದಾರಿಯಲ್ಲಿ ಇಲ್ಲಿಗೆ ಬರುತ್ತಿತ್ತು. ಅದಕ್ಕೆ ರೂಪಾಯಿಯಲ್ಲೇ ಬೆಲೆ ಕೊಡುತ್ತಿದ್ದರು. ಆ ನೋಟುಗಳು ಅಲ್ಲಿನ ಬ್ಯಾಂಕುಗಳ ಮೂಲಕ ವಾಪಸ್ ಬಂದಾಗ ರಿಸರ್ವ್ ಬ್ಯಾಂಕ್ ತನ್ನ ವಿದೇಶಿ ಹಣದ ಸಂಗ್ರಹದಿಂದ ಬದಲಿಗೆ ಪೌಂಡ್ ಕೊಡಬೇಕಿತ್ತು. ಇದನ್ನು ತಡೆಯಲು 1959ರಲ್ಲಿ ಗಲ್ಫಿಗಾಗಿಯೇ ಬೇರೆ ಬಣ್ಣದ ನೋಟು ತಂದರು. 1966ರ ಜೂನ್ 6ರಂದು ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಅದೇ ವರ್ಷ ದುಬೈ ನಮ್ಮ ರೂಪಾಯಿಯನ್ನು ಕೈಬಿಟ್ಟಿತು.

ಆ ಜೂನ್ ತಿಂಗಳಲ್ಲಿ ನಿಮ್ಮ ಅಜ್ಜ ಅಲ್ಲೇ ಇದ್ದರಲ್ಲವೇ? ಸಂಬಳ ಯಾವ ನೋಟಿನಲ್ಲಿ ಬಂತು? ಕೂಡಿಟ್ಟ ದುಡ್ಡು ಏನಾಯಿತು? ಊರಿಗೆ ಹೇಗೆ ಕಳಿಸಿದರು? ಅಜ್ಜ ಮನೆಯಲ್ಲೇ ಇದ್ದಾರೆ ಎಂದು ಪತ್ರದಲ್ಲಿದೆ. ಅವರ ಹತ್ತಿರ ಕೂತು ಕೇಳಿ. ಅವರಿಗೆ ನೆನಪಿಲ್ಲದ ಕಡೆ ಅವರ ಜೊತೆ ಲಾಂಚ್ ಹತ್ತಿದವರನ್ನು ಹುಡುಕಿ. ಒಪ್ಪಂದಗಳ ಪಟ್ಟಿಯನ್ನು ಒಂದು ಪ್ಯಾರಾಕ್ಕೆ ಇಳಿಸಿ. ಪುಟ ಜಾಸ್ತಿ ಆದರೆ ಚಿಂತೆ ಬೇಡ, ಎರಡು ಸಂಚಿಕೆಯಲ್ಲಿ ಹಾಕೋಣ. ದೀಪಾವಳಿಯ ಒಳಗೆ ಕಳಿಸಿಕೊಡಿ.