ರಸ್ತೆಯೇ ಇಲ್ಲದ ಕಡಲೂರು ಲೂತ್ರೊ: ಗದ್ದಲ ಬೇಡ ಅನ್ನುವವರಿಗೆ ನನ್ನ ಉತ್ತರ

ನೀವು ಕೇಳಿದ್ದು ಇಷ್ಟು. ಸ್ಯಾಂಟೊರಿನಿ, ಅಮಾಲ್ಫಿ ಥರದ ಗದ್ದಲ ಬೇಡ. ಮೆಡಿಟರೇನಿಯನ್ ಕಡಲಂಚಿನ ಒಂದು ಸಣ್ಣ ಹಳ್ಳಿಯಲ್ಲಿ ಒಂದು ವಾರ ಸುಮ್ನೆ ಇದ್ದು ಬರಬೇಕು. ಮನೆಯವರೆಲ್ಲ ಸಸ್ಯಾಹಾರಿಗಳು, ಜೊತೆಗೆ ಅರವತ್ತು ದಾಟಿದ ಅಮ್ಮ ಇರುತ್ತಾರೆ. ಯಾವ ಊರು ಒಳ್ಳೆಯದು, ಅಲ್ಲಿ ಬೇಜಾರಾಗಲ್ವಾ ಅಂತ.

ನಾನು ಹೇಳುವ ಊರು ಲೂತ್ರೊ. ಗ್ರೀಸ್‌ನ ಕ್ರೀಟ್ ದ್ವೀಪದ ದಕ್ಷಿಣ ತೀರದಲ್ಲಿದೆ. ನಾನು ಕುಮಟಾ ಕಡೆಯವನು, ಈಗ ಕೆಲಸ ಜರ್ಮನಿಯಲ್ಲಿ. ಇಲ್ಲಿಂದ ಮೆಡಿಟರೇನಿಯನ್ ಹತ್ತಿರ, ಹಾಗಾಗಿ ರಜೆ ಸಿಕ್ಕರೆ ಕಡಲ ಕಡೆಗೇ ಹೋಗುತ್ತೇನೆ. ಸ್ಪೇನ್, ಇಟಲಿ, ಕ್ರೊಯೇಷಿಯಾ ಎಲ್ಲ ಕಡೆ ಚಂದದ ಊರುಗಳಿವೆ. ಆದರೆ ಶಾಂತವಾದ ಊರು ಬೇಕು ಅಂದಾಗ ನಾನು ಮೊದಲು ನೋಡುವುದು ಅಲ್ಲಿಗೆ ಟೂರಿಸ್ಟ್ ಬಸ್ಸು ಬಂದು ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು. ನಿಲ್ಲಲು ಜಾಗ ಇದ್ದರೆ ಬಸ್ಸು ಬಂದೇ ಬರುತ್ತದೆ. ಲೂತ್ರೊಗೆ ರಸ್ತೆಯೇ ಇಲ್ಲ.

ಇದು ಯಾರೋ ಬೇಕೆಂದು ಹಾಗೆ ಇಟ್ಟದ್ದಲ್ಲ. ಊರಿನ ಬೆನ್ನಿಗೆ ಲೆಫ್ಕಾ ಓರಿ ಅನ್ನುವ ಬೆಟ್ಟಸಾಲಿದೆ. ಅದರ ಎತ್ತರದ ಶಿಖರ 2453 ಮೀಟರ್. ಈ ಬೆಟ್ಟ ದಕ್ಷಿಣದ ಕಡೆ ನೇರವಾಗಿ ಸಮುದ್ರಕ್ಕೇ ಇಳಿಯುತ್ತದೆ. ರಸ್ತೆ ಎಳೆಯಲು ಸಮತಟ್ಟು ಜಾಗ ಅಂತ ಇಲ್ಲ. ಹಾಗಾಗಿ ಒಂದೋ ದೋಣಿಯಲ್ಲಿ ಹೋಗಬೇಕು, ಇಲ್ಲವೇ ನಡೆಯಬೇಕು. ಕಾನಿಯಾ ಪಟ್ಟಣದಿಂದ ಬಸ್ಸು ಬೆಟ್ಟ ಹತ್ತಿ ಇಳಿದು, ಸುಮಾರು ಎರಡು ಗಂಟೆಯಲ್ಲಿ ಖೋರಾ ಸ್ಫಾಕಿಯೋನ್ ಅನ್ನುವ ಬಂದರಿಗೆ ತಂದು ಬಿಡುತ್ತದೆ. ಆಮೇಲೆ ಅರ್ಧ ಗಂಟೆಯೂ ಹಿಡಿಯದ ದೋಣಿ ಪ್ರಯಾಣ. ಒಂದು ಮೂಲೆ ತಿರುಗಿದ ಕೂಡಲೇ ಅರ್ಧಚಂದ್ರದ ಕೊಲ್ಲಿ, ಅದರ ಸುತ್ತ ಬಿಳಿ ಗೋಡೆ, ನೀಲಿ ಕಿಟಕಿಯ ಮನೆಗಳು ಕಾಣುತ್ತವೆ. ದೋಣಿ ತನ್ನ ಮುಂದಿನ ಹಲಗೆಯನ್ನು ಧಕ್ಕೆಗೆ ಇಳಿಸುತ್ತದೆ, ಜನ ಇಳಿಯುತ್ತಾರೆ. ಕಾರು ಇಳಿಯುವುದಿಲ್ಲ. ತರಕಾರಿ, ನೀರಿನ ಬಾಟಲಿ, ಸಾಮಾನು ಎಲ್ಲ ಬರುವುದು ಇದೇ ನೀರಿನ ದಾರಿಯಲ್ಲಿ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಆರಾಮಾಗಿ ನಡೆದರೂ ಹತ್ತು ನಿಮಿಷ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಗಲು ಹೊತ್ತು ಲೂತ್ರೊ ಕೂಡ ಖಾಲಿ ಇರುವುದಿಲ್ಲ. ಸಮರಿಯಾ ಕಣಿವೆ ನಡೆದು ಮುಗಿಸಿದವರು ಇದೇ ದೋಣಿಯಲ್ಲಿ ವಾಪಸ್ ಹೋಗುತ್ತಾರೆ, ಒಂದಷ್ಟು ಜನ ನಡುವೆ ಇಳಿಯುತ್ತಾರೆ. ಬೆಳಗ್ಗೆ ಬಂದು ಈಜಿ, ಉಂಡು ಹೋಗುವವರೂ ಇದ್ದಾರೆ. ಸಂಜೆಯ ಕೊನೆಯ ದೋಣಿ ಇವರೆಲ್ಲರನ್ನೂ ಕರೆದುಕೊಂಡು ಹೋದ ಮೇಲೆ ಊರೇ ಬೇರೆ. ವಾಹನದ ಸದ್ದು ಅಂತೂ ಇಲ್ಲವೇ ಇಲ್ಲ. ಪಕ್ಕದ ಹೋಟೆಲಿನಲ್ಲಿ ತಟ್ಟೆ ಜೋಡಿಸುವುದು, ಬೆಟ್ಟದ ಮೇಲೆ ಆಡುಗಳ ಗಂಟೆ, ಇಷ್ಟೇ ಕೇಳುವುದು. ಬೆಳಗ್ಗೆ ಮೊದಲ ದೋಣಿ ಬರುವ ತನಕವೂ ಹಾಗೇ. ಅದಕ್ಕೇ ನಾನು ಒತ್ತಿ ಹೇಳುವುದು, ಲೂತ್ರೊ ಹಗಲಲ್ಲಿ ನೋಡಿ ಬರುವ ಊರಲ್ಲ, ರಾತ್ರಿ ತಂಗುವ ಊರು. ಅಲ್ಲಿ ಒಂದು ರಾತ್ರಿ, ಇಲ್ಲಿ ಎರಡು ರಾತ್ರಿ ಅಂತ ಇಡೀ ಕ್ರೀಟ್ ಸುತ್ತುವ ಪ್ಲಾನ್ ಹಾಕಬೇಡಿ. ನಿಮ್ಮ ವಾರದ ಬಹುಪಾಲು ಇಲ್ಲೇ ಇರಿ.

ಕಡಲ ಬಗ್ಗೆ ಹೇಳಲೇಬೇಕು. ಕಡಲ ದಡದಲ್ಲೇ ಬೆಳೆದವನಾದರೂ ಇಲ್ಲಿಯ ಸಮುದ್ರ ನನಗೆ ಹೊಸದಾಗಿ ಕಂಡಿತು. ಇಲ್ಲಿ ಉಬ್ಬರ ಇಳಿತ ಅನ್ನುವುದು ಹೆಚ್ಚುಕಡಿಮೆ ಇಲ್ಲ. ನಮ್ಮ ಕರಾವಳಿಯಲ್ಲಿ ನೀರು ದಿನಕ್ಕೆ ಎರಡು ಸಲ ಆಳೆತ್ತರ ಏರಿ ಇಳಿಯುವುದನ್ನು ನೋಡಿದವರಿಗೆ ಇದು ನಂಬಲು ಕಷ್ಟ. ಮೆಡಿಟರೇನಿಯನ್ ಸುತ್ತಲೂ ನೆಲವಿರುವ ಕಡಲು. ಅಟ್ಲಾಂಟಿಕ್ ಕಡೆಗೆ ಇರುವ ಜಿಬ್ರಾಲ್ಟರ್ ಬಾಗಿಲು ಬರೀ 14 ಕಿಲೋಮೀಟರ್ ಅಗಲ. ಅಷ್ಟು ಸಣ್ಣ ಬಾಗಿಲಿನಲ್ಲಿ ಉಬ್ಬರದ ನೀರು ಒಳಗೆ ಬಂದು ತುಂಬಲು ಆಗುವುದಿಲ್ಲ. ಅದಕ್ಕೇ ಲೂತ್ರೊದಲ್ಲಿ ಊಟದ ಮೇಜು ನೀರಿನ ಅಂಚಿಗೇ ಹಾಕಿರುತ್ತಾರೆ, ಕೂತಲ್ಲಿಂದಲೇ ಕೈ ಅದ್ದಬಹುದು. ಬೆಳಗ್ಗೆ ಇದ್ದಲ್ಲೇ ಸಂಜೆಯೂ ನೀರು ಇರುತ್ತದೆ.

ನೀರು ಎಷ್ಟು ತಿಳಿ ಅಂದರೆ, ಎದೆಮಟ್ಟದಲ್ಲಿ ನಿಂತರೂ ಕಾಲ ಬೆರಳು ಎಣಿಸಬಹುದು. ದೊಡ್ಡ ನದಿಗಳು ಮಣ್ಣು ತಂದು ಹಾಕುವುದಿಲ್ಲ. ಕಡಲಿನ ಈ ಪೂರ್ವ ಭಾಗದಲ್ಲಿ ಪೋಷಕಾಂಶ ಕಡಿಮೆ, ಹಾಗಾಗಿ ಪಾಚಿ ಜೀವಿಗಳೂ ಕಡಿಮೆ. ನೋಡಲು ಚಂದ, ಆದರೆ ಮೀನಿಗೆ ಮೇವಿಲ್ಲ. ತಾಜಾ ಮೀನು ಇಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಮಾರುತ್ತಾರೆ, ದುಬಾರಿ. ನಿಮಗೆ ಅದರ ಚಿಂತೆ ಇಲ್ಲ ಬಿಡಿ.

ಸಸ್ಯಾಹಾರದ ಮಾತಿಗೆ ಬರುತ್ತೇನೆ. ಯುರೋಪಿನಲ್ಲಿ ಸಸ್ಯಾಹಾರಿಗಳಿಗೆ ಕ್ರೀಟ್‌ನಷ್ಟು ಒಳ್ಳೆಯ ಜಾಗ ಕಡಿಮೆ ಅಂತ ನನ್ನ ಅನಿಸಿಕೆ. ಇದಕ್ಕೆ ಕಾರಣ ಹೊಸ ಫ್ಯಾಷನ್ ಅಲ್ಲ, ಉಪವಾಸ. ಅಲ್ಲಿಯ ಆರ್ಥೊಡಾಕ್ಸ್ ಚರ್ಚಿನ ನಿಯಮದ ಪ್ರಕಾರ ವರ್ಷದ ಸುಮಾರು ಅರ್ಧದಷ್ಟು ದಿನ ಮಾಂಸ, ಹಾಲು, ಮೊಟ್ಟೆ ಇಲ್ಲ. ಎಲ್ಲರೂ ಅಷ್ಟು ಕಟ್ಟುನಿಟ್ಟಾಗಿ ಮಾಡದಿದ್ದರೂ, ಅಡುಗೆ ಮನೆಯಲ್ಲಿ ಅದಕ್ಕೆ ಬೇಕಾದ ಪದಾರ್ಥಗಳೆಲ್ಲ ಉಳಿದುಕೊಂಡಿವೆ. ಟೊಮೆಟೊ ರಸದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು ಗಿಗಾಂತೆಸ್, ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿದ ಫಾವಾ, ಅಕ್ಕಿ ತುಂಬಿದ ದ್ರಾಕ್ಷಿ ಎಲೆ, ಬದನೆ ಆಲೂಗಡ್ಡೆ ಒಟ್ಟಿಗೆ ಓವನ್‌ನಲ್ಲಿ ಬೇಯಿಸಿದ ಬ್ರಿಯಾಮ್. ಬೆಟ್ಟದ ಕಾಡುಸೊಪ್ಪನ್ನು ಬೇಯಿಸಿ ಎಣ್ಣೆ, ನಿಂಬೆರಸ ಹಾಕಿ ಕೊಡುತ್ತಾರೆ, ಅದಕ್ಕೆ ಹೋರ್ತಾ ಅನ್ನುತ್ತಾರೆ. ಹರಿವೆ, ಬಸಳೆ ತಿಂದು ಬೆಳೆದವರಿಗೆ ಇದು ಕೂಡಲೇ ಹಿಡಿಸುತ್ತದೆ. ಗಟ್ಟಿ ಬಾರ್ಲಿ ರಸ್ಕಿನ ಮೇಲೆ ಟೊಮೆಟೊ ತುರಿ, ಮೆತ್ತನೆ ಚೀಸ್, ಆಲಿವ್ ಎಣ್ಣೆ ಹಾಕಿದ ದಾಕೋಸ್ ಒಂದಿದ್ದರೆ ಮಧ್ಯಾಹ್ನದ ಊಟ ಆದ ಹಾಗೇ.

ಲೂತ್ರೊ ಇರುವ ಸ್ಫಾಕಿಯಾ ಸೀಮೆಯದ್ದೇ ಒಂದು ತಿಂಡಿ ಇದೆ, ಸ್ಫಾಕಿಯಾನಿ ಪಿತಾ. ಇದನ್ನು ಬಿಟ್ಟು ಬರಬೇಡಿ. ಮಾಡುವುದು ನಮ್ಮ ಹೋಳಿಗೆಯ ಹಾಗೇ. ಹಿಟ್ಟಿನ ಉಂಡೆಯೊಳಗೆ ಹೂರಣದ ಜಾಗದಲ್ಲಿ ಮಿಜಿತ್ರಾ ಅನ್ನುವ ಆಡು, ಕುರಿ ಹಾಲಿನ ಮೆತ್ತನೆ ಚೀಸ್ ಇಡುತ್ತಾರೆ. ತೆಳ್ಳಗೆ ಹರಡಿ ಕಾವಲಿಯಲ್ಲಿ ಎರಡೂ ಬದಿ ಕಂದು ಚುಕ್ಕೆ ಬರುವ ತನಕ ಬೇಯಿಸುತ್ತಾರೆ. ಬಿಸಿ ಬಿಸಿ ಇರುವಾಗಲೇ ಮೇಲೆ ಜೇನು ಸುರಿಯುತ್ತಾರೆ. ಚೀಸಿನ ಸಣ್ಣ ಹುಳಿ, ಜೇನಿನ ಸಿಹಿ ಎರಡೂ ಒಟ್ಟಿಗೆ ಬರುತ್ತವೆ. ನಿಮ್ಮ ಅಮ್ಮನಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಎರಡು ಎಚ್ಚರಿಕೆ. ಉಪವಾಸದ ಅಡುಗೆ ಅಂದ ಮಾತ್ರಕ್ಕೆ ನಮ್ಮ ಲೆಕ್ಕದ ಸಸ್ಯಾಹಾರ ಅಲ್ಲ. ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ. ಹಾಗಾಗಿ "ಹೋರಿಸ್ ಕ್ರೇಯಾಸ್, ಹೋರಿಸ್ ಪ್ಸಾರಿ" ಅಂತ ಹೇಳಿ, ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಸೀಗಡಿ, ಆಕ್ಟೋಪಸ್ ಕೂಡ ಬೇಡ ಅಂತ ಬೇರೆಯಾಗಿ ಹೇಳಿ. ಹೆಚ್ಚಿನವರಿಗೆ ಇಂಗ್ಲಿಷ್ ಬರುತ್ತದೆ, ತೊಂದರೆ ಇಲ್ಲ. ಇನ್ನೊಂದು, ಅಲ್ಲಿಯ ಚೀಸ್‌ಗಳಿಗೆ ಹಾಲು ಒಡೆಯಲು ಹಾಕುವುದು ಹೆಚ್ಚಾಗಿ ಪ್ರಾಣಿಮೂಲದ ರೆನೆಟ್. ಮನೆಯಲ್ಲಿ ಅದನ್ನು ನೋಡುವವರಿದ್ದರೆ ಮೊದಲೇ ತಿಳಿಸಿಬಿಡಿ. ಚೀಸ್ ಬಿಟ್ಟರೂ ತಿನ್ನಲು ಬೇಕಾದಷ್ಟಿದೆ. ಊಟದ ಕೊನೆಗೆ ಕೇಳದೆಯೇ ಹಣ್ಣು, ಪುಟ್ಟ ಲೋಟದಲ್ಲಿ ರಾಕಿ ತಂದಿಡುತ್ತಾರೆ. ರಾಕಿ ಅಂದರೆ ಖಡಕ್ ಮದ್ಯ, ಬೇಡದಿದ್ದರೆ ನಗುತ್ತಾ ಬೇಡ ಅನ್ನಿ. ಬಿಲ್ ಮಾತ್ರ ನೀವಾಗಿ ಕೇಳುವ ತನಕ ಬರುವುದಿಲ್ಲ. ಎಷ್ಟು ಹೊತ್ತು ಕೂತರೂ ಯಾರೂ ಏಳಿಸುವುದಿಲ್ಲ.

ಬೇಜಾರಾಗಲ್ವಾ ಅಂದಿರಿ. ನಡೆಯುವ ಅಭ್ಯಾಸ ಇದ್ದರೆ ಒಂದು ವಾರ ಸಾಲುವುದಿಲ್ಲ. ಪೂರ್ವಕ್ಕೆ, ಖೋರಾ ಸ್ಫಾಕಿಯೋನ್ ಕಡೆಯ ಕಾಲುದಾರಿಯಲ್ಲಿ ಗ್ಲಿಕಾ ನೆರಾ ಅನ್ನುವ ಬೆಣಚುಗಲ್ಲಿನ ದಡವಿದೆ. ಈ ದಡದಲ್ಲಿ ಸಮುದ್ರದಿಂದ ಕೆಲವೇ ಹೆಜ್ಜೆ ದೂರ ಕೂತು ಕೈಯಲ್ಲಿ ಕಲ್ಲು ಸರಿಸಿ ಒಂದು ಗುಂಡಿ ಮಾಡಿ. ಅಡಿಯಿಂದ ನೀರು ಊರುತ್ತದೆ. ಮೊದಲು ಸ್ವಲ್ಪ ಕದಡಿರುತ್ತದೆ, ಆಮೇಲೆ ತಿಳಿಯಾಗುತ್ತದೆ. ತಣ್ಣಗಿರುತ್ತದೆ, ಉಪ್ಪಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ, ಕರಗಿದ ಹಿಮ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಇಲ್ಲಿ ಕಡಲ ಮಟ್ಟದಲ್ಲಿ ಹೊರಗೆ ಬರುತ್ತದೆ. ಈಜುವಾಗಲೂ ಒಂದೊಂದು ಕಡೆ ಇದ್ದಕ್ಕಿದ್ದ ಹಾಗೆ ತಣ್ಣನೆ ನೀರು ಮೈಗೆ ತಾಗುತ್ತದೆ. ನನಗೆ ಇಡೀ ಕ್ರೀಟ್‌ನಲ್ಲಿ ಅತಿ ಇಷ್ಟವಾದ ಜಾಗ ಇದು.

ಪಶ್ಚಿಮಕ್ಕೆ ಮರ್ಮಾರಾ ದಡ ಇದೆ, ಅರಾಡೆನಾ ಕಣಿವೆ ಸಮುದ್ರ ಸೇರುವ ಜಾಗ. ಊರಿನ ನೆತ್ತಿಯ ಮೇಲೆ ಅಂಕುಡೊಂಕಿನ ದಾರಿ ಹತ್ತಿದರೆ ಸುಮಾರು 600 ಮೀಟರ್ ಎತ್ತರದಲ್ಲಿ ಅನೋಪೊಲಿ ಹಳ್ಳಿ. ಇದು ದಸ್ಕಲೋಯಾನಿಸ್‌ನ ಊರು. 1770ರಲ್ಲಿ ಒಟ್ಟೊಮನ್ ಆಳ್ವಿಕೆಯ ವಿರುದ್ಧ ಸ್ಫಾಕಿಯಾ ಜನರನ್ನು ದಂಗೆಗೆ ಎಬ್ಬಿಸಿದವನು. ರಷ್ಯಾದಿಂದ ಬರುತ್ತದೆ ಅಂದುಕೊಂಡಿದ್ದ ಸಹಾಯ ಬರಲಿಲ್ಲ. ಮರುವರ್ಷ ಹೆರಾಕ್ಲಿಯೋನ್‌ನಲ್ಲಿ ಅವನ ಚರ್ಮ ಸುಲಿದು ಕೊಂದರು. ಹಳ್ಳಿಯ ಚೌಕದಲ್ಲಿ ಅವನ ಪ್ರತಿಮೆ ಇದೆ. ಅಲ್ಲಿಂದ ಮುಂದೆ ಅರಾಡೆನಾ ಕಣಿವೆಗೆ 1986ರಲ್ಲಿ ಕಟ್ಟಿದ ಉಕ್ಕಿನ ಸೇತುವೆ, 138 ಮೀಟರ್ ಎತ್ತರ. ನೆಲಕ್ಕೆ ಮರದ ಹಲಗೆ ಹಾಸಿದ್ದಾರೆ, ಒಂದು ಗಾಡಿ ದಾಟಿದರೆ ಸದ್ದು ಕಣಿವೆ ತುಂಬುತ್ತದೆ.

ಲೂತ್ರೊ ಪಕ್ಕದಲ್ಲೇ ಹಳೆಯ ಕಾಲದ ಫೀನಿಕ್ಸ್ ಬಂದರು ಇತ್ತು. ಬೈಬಲ್‌ನಲ್ಲಿ ಅದರ ಹೆಸರಿದೆ. ಸಂತ ಪೌಲನನ್ನು ರೋಮ್‌ಗೆ ಕೈದಿಯಾಗಿ ಒಯ್ಯುತ್ತಿದ್ದ ಹಡಗಿನವರು ಚಳಿಗಾಲ ಕಳೆಯಲು ಇಲ್ಲಿಗೆ ಬರಬೇಕು ಅಂತ ಹೊರಟಿದ್ದರು. ನಡುದಾರಿಯಲ್ಲಿ ಬಿರುಗಾಳಿ ಎದ್ದು ಹಡಗು ಮಾಲ್ಟಾ ತನಕ ತೇಲಿ ಹೋಯಿತು. ಸಂಜೆ ಕೊಲ್ಲಿಯಲ್ಲಿ ಅಲುಗದ ನೀರು ನೋಡಿದಾಗ, ಆ ನಾವಿಕರು ಯಾಕೆ ಇಲ್ಲಿಗೇ ಬರಬೇಕು ಅಂದುಕೊಂಡರು ಅಂತ ಗೊತ್ತಾಗುತ್ತದೆ.

ಇನ್ನು ತಿಂಗಳು. ಮೇ ಕೊನೆ, ಜೂನ್ ಮೊದಲು, ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆ, ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಉಳಿದಿರುತ್ತದೆ. ಜುಲೈ, ಆಗಸ್ಟ್ ಬೇಡ. ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ಚಳಿಗಾಲದಲ್ಲಿ ಹೋಟೆಲುಗಳು ಬಾಗಿಲು ಹಾಕುತ್ತವೆ.

ಶೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ ದೊಡ್ಡವರಿಗೆ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ. ಬೆಂಗಳೂರಿನಿಂದ ಅಥೆನ್ಸ್‌ಗೆ ಬಂದು, ಕಾನಿಯಾಕ್ಕೆ ಇನ್ನೊಂದು ಸಣ್ಣ ವಿಮಾನ ಹಿಡಿಯಬಹುದು. ನನ್ನನ್ನು ಕೇಳಿದರೆ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿ, ಕ್ಯಾಬಿನ್ ಮಾಡಿಕೊಂಡು ಮಲಗಿಬಿಡಿ, ಬೆಳಗ್ಗೆ ಕ್ರೀಟ್. ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ದಂಡ, ಅದು ಖೋರಾ ಸ್ಫಾಕಿಯೋನ್‌ನಲ್ಲಿ ಸುಮ್ನೆ ನಿಂತಿರುತ್ತದೆ. ನಗದು ಕಾನಿಯಾದಲ್ಲೇ ತೆಗೆದಿಟ್ಟುಕೊಳ್ಳಿ.

ಅಮ್ಮನ ವಿಷಯ. ಊರಿನೊಳಗೆ ಧಕ್ಕೆಯಿಂದ ಕಡಲಂಚಿನ ದಾರಿ ಸಮತಟ್ಟಾಗಿದೆ. ಆದರೆ ಹಿಂದಿನ ಸಾಲಿನ ಮನೆಗಳಿಗೆ ಮೆಟ್ಟಿಲು ಹತ್ತಬೇಕು. ಮಂಡಿ ನೋವಿದ್ದರೆ ರೂಮ್ ಬುಕ್ ಮಾಡುವಾಗಲೇ ನೀರಿನ ಎದುರಿನದ್ದು, ಮೆಟ್ಟಿಲು ಕಡಿಮೆ ಇರುವುದು ಬೇಕು ಅಂತ ಬರೆದು ಕೇಳಿ. ದಡದಲ್ಲಿ ಮರಳಿಲ್ಲ, ಗುಂಡುಕಲ್ಲು. ಬರಿಗಾಲಲ್ಲಿ ನೋವಾಗುತ್ತದೆ, ನೀರಿಗಿಳಿಯುವ ರಬ್ಬರ್ ಶೂ ಒಂದು ಜೊತೆ ಅವರಿಗೂ ತನ್ನಿ. ಗ್ಲಿಕಾ ನೆರಾ, ಮರ್ಮಾರಾ ಎರಡಕ್ಕೂ ಸಣ್ಣ ದೋಣಿ ಹೋಗುತ್ತದೆ, ಅವರು ನಡೆಯಬೇಕಾಗಿಲ್ಲ. ಅವರು ದಿನಾ ತೆಗೆದುಕೊಳ್ಳುವ ಮಾತ್ರೆ ಪೂರ್ತಿ ವಾರಕ್ಕೆ ಆಗುವಷ್ಟು, ಇನ್ನೂ ಸ್ವಲ್ಪ ಜಾಸ್ತಿಯೇ ಜೊತೆಗಿರಲಿ.

ಜಾಸ್ತಿ ಯಾಕೆ ಅಂದರೆ ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ. ವಾಪಸ್ ವಿಮಾನ ಇರುವ ಹಿಂದಿನ ರಾತ್ರಿಯೇ ಕಾನಿಯಾಕ್ಕೆ ಬಂದು ಉಳಿಯಿರಿ, ಸಾಧ್ಯವಾದರೆ ಎರಡು ರಾತ್ರಿ ಇಟ್ಟುಕೊಳ್ಳಿ. ಹಳೆ ವೆನಿಸ್ ಕಾಲದ ಬಂದರಿನ ಸುತ್ತ ಓಣಿಗಳಲ್ಲಿ ಓಡಾಡಬಹುದು, ಮನೆಗೆ ಜೇನು, ಆಲಿವ್ ಎಣ್ಣೆ ಕೊಳ್ಳಬಹುದು. ಯಾವ ತಿಂಗಳು ಅಂತ ಗಟ್ಟಿಯಾದ ಮೇಲೆ ಇಲ್ಲೇ ಬರೆಯಿರಿ, ದೋಣಿ, ಬಸ್ಸು ಹೇಗೆ ಹೊಂದಿಸಿಕೊಳ್ಳಬಹುದು ಅಂತ ಹೇಳುತ್ತೇನೆ.