ಜರ್ಮನಿ ಸೋತದ್ದು ಚಳಿಗೋ, ಲೆಕ್ಕ ತಪ್ಪಿದ್ದಕ್ಕೋ?

ಕಳೆದ ಸಂಚಿಕೆಯಲ್ಲಿ 1939ರ ಪೋಲೆಂಡ್ ದಾಳಿಯ ಕುರಿತು ಉತ್ತರಿಸಿದ ಮೇಲೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಗತಿಯನ್ನು ಕೇಳುತ್ತವೆ: ಒಂದು ವರ್ಷದೊಳಗೆ ಅರ್ಧ ಯುರೋಪನ್ನು ಗೆದ್ದ ಸೈನ್ಯ ಕೊನೆಗೆ ಸೋತದ್ದು ಹೇಗೆ? ಅವುಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ.

ಪ್ರಶ್ನೆ: ಮಾನ್ಯರೇ, ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ನೋಟ್ಸಿನಲ್ಲಿ ‘ರಷ್ಯಾದ ಚಳಿಯೇ ಹಿಟ್ಲರನನ್ನು ಸೋಲಿಸಿತು’ ಎಂದು ಒಂದೇ ಸಾಲಿದೆ. ಅದನ್ನೇ ಬರೆಯಬಹುದೇ?
– ಪದವೀಧರೆ, ಕಲಬುರಗಿ

ಉತ್ತರ: ಬರೆಯದಿರುವುದೇ ಒಳ್ಳೆಯದು. ಚಳಿ ಬಿದ್ದದ್ದು ನಿಜ, ಸೈನಿಕರ ಕೈಕಾಲು ಮರಗಟ್ಟಿದ್ದೂ ನಿಜ. ಆದರೆ ಅದೇ ಚಳಿಯಲ್ಲಿ ಸೋವಿಯತ್ ಸೇನೆ 1941ರ ಡಿಸೆಂಬರ್ 5ರಂದು ಮಾಸ್ಕೋದ ಮುಂದೆ ಪ್ರತಿದಾಳಿ ಆರಂಭಿಸಿತು ಎಂಬುದನ್ನು ಈ ಒಂದು ಸಾಲು ಮುಚ್ಚಿಡುತ್ತದೆ. ಜರ್ಮನಿಯ ಯೋಜನೆ ಚಳಿಗಾಲಕ್ಕಿಂತ ಬಹಳ ಮೊದಲೇ ಹಳಿ ತಪ್ಪಿತ್ತು. 1941ರ ಜೂನ್ 22ರಂದು ಸುಮಾರು 30 ಲಕ್ಷ ಜರ್ಮನ್ ಸೈನಿಕರು ಗಡಿ ದಾಟಿದಾಗ, ಡ್ವಿನಾ ಮತ್ತು ನೀಪರ್ ನದಿಗಳ ಪಶ್ಚಿಮದಲ್ಲಿಯೇ ಕೆಂಪು ಸೇನೆಯನ್ನು ಮುಗಿಸಿಬಿಟ್ಟರೆ ಅದರ ಹಿಂದೆ ಇನ್ನೊಂದು ಸೇನೆ ಇರುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಯೋಜನೆ ನಿಂತಿತ್ತು. ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಹಾಲ್ಡರ್ ಜುಲೈ 3ರ ದಿನಚರಿಯಲ್ಲಿ, ಈ ಯುದ್ಧವನ್ನು ಎರಡು ವಾರಗಳಲ್ಲಿಯೇ ಗೆದ್ದಂತಾಯಿತು ಎಂಬ ಅರ್ಥದ ಮಾತು ಬರೆದ. ಆಗಸ್ಟ್ 11ರ ಹೊತ್ತಿಗೆ ಅದೇ ದಿನಚರಿಯ ಧಾಟಿ ಬದಲಾಗಿತ್ತು: ಶತ್ರುವಿನ ಬಳಿ ಸುಮಾರು 200 ಡಿವಿಜನ್‌ಗಳಿವೆ (ಡಿವಿಜನ್ ಎಂದರೆ ಸಾವಿರಾರು ಸೈನಿಕರ ಒಂದು ಪಡೆ) ಎಂದು ಎಣಿಸಿದ್ದೆವು, ಈಗಾಗಲೇ 360 ಕಂಡಿವೆ ಎಂದು ಅವನು ದಾಖಲಿಸಿದ. ಅದು ಬೇಸಿಗೆಯ ನಡುಮಧ್ಯ. ಹಿಮದ ಸುಳಿವೂ ಇರಲಿಲ್ಲ.

ಉಣ್ಣೆಯ ಬಟ್ಟೆಯ ಕೊರತೆಯೂ ಇದೇ ತಪ್ಪಿನಿಂದ ಹುಟ್ಟಿದ್ದು. ಚಳಿಗಾಲಕ್ಕೆ ಯುದ್ಧವೇ ಇರುವುದಿಲ್ಲ, ಗೆದ್ದ ನೆಲವನ್ನು ಕಾಯಲು ಉಳಿಯುವ ಪಡೆಗಳಿಗಷ್ಟೇ ಬಟ್ಟೆ ಸಾಕು ಎಂದು ಮೇಲಿನವರು ಲೆಕ್ಕ ಹಾಕಿದ್ದರು. ನವೆಂಬರ್ ಮುಗಿಯುವ ಮೊದಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಜರ್ಮನರ ನಷ್ಟ 7 ಲಕ್ಷ ದಾಟಿತ್ತು. ಆದ್ದರಿಂದ ಚಳಿಯನ್ನು ಬರೆಯಿರಿ, ಆದರೆ ಮೊದಲ ಕಾರಣವಾಗಿ ಬರೆಯಬೇಡಿ.

ಪ್ರಶ್ನೆ: ನಾನು ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಅಷ್ಟೊಂದು ಯಂತ್ರಬಲವಿದ್ದ ದೇಶಕ್ಕೆ ತನ್ನ ಸೈನ್ಯಕ್ಕೆ ಸಾಮಾನು ಮುಟ್ಟಿಸಲು ಯಾಕೆ ಆಗಲಿಲ್ಲ?
– ಹಿರಿಯ ಓದುಗರು, ವಾಡಿ

ಉತ್ತರ: ತಮ್ಮಂಥವರಿಂದಲೇ ಈ ಪ್ರಶ್ನೆ ಬರಬೇಕಿತ್ತು, ಯುದ್ಧದ ಕಥೆಗಳಲ್ಲಿ ಟ್ಯಾಂಕುಗಳಿಗೆ ಸಿಗುವ ಜಾಗ ಗೂಡ್ಸ್ ಗಾಡಿಗೆ ಸಿಗುವುದಿಲ್ಲ. ಜರ್ಮನಿಯ ಹಳಿಗಳ ಅಂತರ 1,435 ಮಿಲಿಮೀಟರ್, ಸೋವಿಯತ್ ಹಳಿಗಳದು 1,524. ಕಲಬುರಗಿಯಿಂದ ವಿಜಯಪುರಕ್ಕೆ ಹೋಗುವವರು ಹಿಂದೆ ಸೊಲ್ಲಾಪುರದ ಕಡೆ ಬ್ರಾಡ್‌ಗೇಜ್ ಗಾಡಿ ಇಳಿದು, ಗಂಟುಮೂಟೆ ಹೊತ್ತು ಮೀಟರ್‌ಗೇಜ್ ಗಾಡಿ ಹತ್ತಬೇಕಾಗಿದ್ದುದು ತಮಗೆ ನೆನಪಿರಬಹುದು. ಅದೇ ತೊಡಕು ಅಲ್ಲಿ ಲಕ್ಷಾಂತರ ಸೈನಿಕರ ಮದ್ದುಗುಂಡು, ಪೆಟ್ರೋಲು, ರೊಟ್ಟಿಗೆ ಬಂದಿತು. ರೈಲ್ವೆ ಪಡೆಯವರು ಒಂದು ಬದಿಯ ಹಳಿಯನ್ನು ಕಿತ್ತು ಒಳಕ್ಕೆ ಸರಿಸಿ, ಮರದ ಸ್ಲೀಪರುಗಳಿಗೆ ಮತ್ತೆ ಮೊಳೆ ಹೊಡೆಯುತ್ತ ಮುಂದುವರಿದರು. ಆ ಕೆಲಸವನ್ನು ಅವರು ಬೇಗನೆ ಮಾಡಿದರು. ತೊಂದರೆ ಬಂದದ್ದು ಆಮೇಲೆ. ಸೋವಿಯತ್ ಇಂಜಿನ್‌ಗಳು ದೊಡ್ಡವು, ಅವು ಒಮ್ಮೆ ನೀರು ತುಂಬಿಸಿಕೊಂಡು ದೂರ ಓಡುತ್ತಿದ್ದುದರಿಂದ ನೀರಿನ ನಿಲ್ದಾಣಗಳೂ ದೂರ ದೂರವಿದ್ದವು. ಜರ್ಮನ್ ಇಂಜಿನ್‌ಗಳಿಗೆ ಆ ಅಂತರ ಹೆಚ್ಚಾಗಿ, ನಡುವೆ ಹೊಸ ನೀರಿನ ವ್ಯವಸ್ಥೆ ಮಾಡಬೇಕಾಯಿತು. ಇಂಜಿನ್ನಿನ ಹೊರಗೆ ಹಾಯಿಸಿದ್ದ ಕೊಳವೆಗಳು ಚಳಿಗೆ ಹೆಪ್ಪುಗಟ್ಟಿ ಒಡೆದವು.

ಹಳಿ ಮುಗಿದಲ್ಲಿಂದ ಮುಂದೆ ಲಾರಿ ಮತ್ತು ಕುದುರೆ. ಹೌದು, ಕುದುರೆ. ಸುದ್ದಿಚಿತ್ರಗಳಲ್ಲಿ ಟ್ಯಾಂಕುಗಳೇ ಕಾಣಿಸುವ ಈ ಸೈನ್ಯ 6 ಲಕ್ಷಕ್ಕೂ ಹೆಚ್ಚು ಕುದುರೆಗಳೊಂದಿಗೆ ಗಡಿ ದಾಟಿತ್ತು. ಲಾರಿಗಳಲ್ಲಿ ಫ್ರಾನ್ಸ್ ಮುಂತಾದ ಸೋತ ದೇಶಗಳಿಂದ ತಂದವೂ ಬೆರೆತಿದ್ದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಗಡಿಯಿಂದ ಸುಮಾರು 500 ಕಿಲೋಮೀಟರ್‌ವರೆಗೆ ಈ ಏರ್ಪಾಡು ನಡೆದೀತು ಎಂಬುದು ಅವರದೇ ಅಂದಾಜು. ಮಾಸ್ಕೋ ಅದರ ಎರಡರಷ್ಟು ದೂರದಲ್ಲಿತ್ತು. ಅಕ್ಟೋಬರಿನ ಕೆಸರಿನಲ್ಲಿ ಲಾರಿಗಳು ಹೂತುಹೋದ ಮೇಲೆ, ರೈಲಿನಲ್ಲಿ ಬರುವ ಅಲ್ಪಸ್ವಲ್ಪ ಜಾಗವನ್ನು ಮದ್ದುಗುಂಡು ಮತ್ತು ಇಂಧನಕ್ಕೆ ಕೊಡಬೇಕೋ ಬೆಚ್ಚನೆಯ ಕೋಟುಗಳಿಗೆ ಕೊಡಬೇಕೋ ಎಂಬ ಪ್ರಶ್ನೆ ಬಂದಾಗ, ಕೋಟುಗಳು ಪೋಲೆಂಡಿನಲ್ಲಿಯೇ ಉಳಿದವು.

ಪ್ರಶ್ನೆ: ಆಗಸ್ಟ್ 1941ರಲ್ಲಿ ಹಿಟ್ಲರ್ ಸೈನ್ಯವನ್ನು ಕೀವ್ ಕಡೆಗೆ ತಿರುಗಿಸದೆ ನೇರ ಮಾಸ್ಕೋಗೆ ಕಳಿಸಿದ್ದರೆ ಗೆಲ್ಲುತ್ತಿದ್ದ ಎಂದು ಜರ್ಮನ್ ಸೇನಾನಿಗಳು ಬರೆದಿದ್ದಾರಲ್ಲ?
– ಇತಿಹಾಸ ಉಪನ್ಯಾಸಕರು, ಬೀದರ್

ಉತ್ತರ: ಬರೆದಿದ್ದಾರೆ. ಯಾರು, ಯಾವಾಗ ಬರೆದರು ಎಂಬುದನ್ನೂ ಜೊತೆಯಲ್ಲಿ ನೋಡಬೇಕು. ಯುದ್ಧ ಮುಗಿದ ಮೇಲೆ ಹಿಟ್ಲರ್ ಬದುಕಿರಲಿಲ್ಲ. ಬದುಕಿದ್ದ ಸೇನಾನಿಗಳು ಎಲ್ಲ ತಪ್ಪನ್ನೂ ಅವನ ತಲೆಗೆ ಕಟ್ಟಿದರು. ಅಮೆರಿಕದ ಸೇನೆಯ ಇತಿಹಾಸ ವಿಭಾಗಕ್ಕಾಗಿ ಬರೆದ ಜರ್ಮನ್ ಅಧಿಕಾರಿಗಳ ತಂಡಕ್ಕೆ ಮುಂದಾಳಾಗಿದ್ದವನೂ ಮೇಲೆ ಹೇಳಿದ ಹಾಲ್ಡರನೇ. ಎರಡು ವಾರದಲ್ಲಿ ಗೆದ್ದೆವೆಂದು ಬರೆದ ಮನುಷ್ಯ ಮುಂದೆ ಸೋಲಿನ ಕಾರಣಗಳನ್ನು ವಿವರಿಸುವ ಸ್ಥಾನಕ್ಕೆ ಬಂದ.

ಕೀವ್‌ನಲ್ಲಿ ಸೆಪ್ಟೆಂಬರ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಸೆರೆಹಿಡಿದೆವೆಂದು ಜರ್ಮನರು ಹೇಳಿಕೊಂಡರು. ಆ ಸೈನ್ಯವನ್ನು ಹಾಗೆಯೇ ಬಿಟ್ಟು ಮಾಸ್ಕೋಗೆ ಹೋಗಿದ್ದರೆ ಅದು ಬಲಬದಿಯಲ್ಲಿ ಕುಳಿತಿರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಮಾಸ್ಕೋ ದಿಕ್ಕಿನಲ್ಲಿದ್ದ ಮಧ್ಯದ ಸೇನಾಗುಂಪು ಸ್ಮೊಲೆನ್ಸ್ಕ್ ಸುತ್ತ ನಡೆದ ಕಾಳಗದಲ್ಲಿ ಬಸವಳಿದಿತ್ತು. ಮುಂದಿನ ದೊಡ್ಡ ದಾಳಿಗೆ ಬೇಕಾದ ಮದ್ದುಗುಂಡಿನ ದಾಸ್ತಾನು ಆಗ ಅದರ ಬಳಿ ಇರಲಿಲ್ಲ. ಮಾಸ್ಕೋ ದಾಳಿ ಅಕ್ಟೋಬರ್ 2ಕ್ಕೆ ಆರಂಭವಾದದ್ದಕ್ಕೆ ಕೀವ್ ಒಂದೇ ಕಾರಣವೆಂದು ನನಗೆ ಒಪ್ಪಿಗೆಯಾಗುವುದಿಲ್ಲ.

ಆ ಸೇನಾನಿಗಳ ನೆನಪಿನ ಪುಸ್ತಕಗಳು ಹಗುರವಾಗಿ ದಾಟಿಹೋಗುವ ಇನ್ನೊಂದು ಸಂಗತಿಯಿದೆ. ಯುದ್ಧದುದ್ದಕ್ಕೂ ಸೆರೆಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ ಸುಮಾರು 33 ಲಕ್ಷ ಮಂದಿ ಜರ್ಮನರ ವಶದಲ್ಲಿ ಹಸಿವು, ರೋಗ, ಗುಂಡೇಟಿಗೆ ಸತ್ತರು. ಸೈನ್ಯ ಆ ನೆಲದ ಧಾನ್ಯದಿಂದಲೇ ಹೊಟ್ಟೆ ಹೊರೆಯಬೇಕು, ಅಲ್ಲಿನ ಜನ ಉಪವಾಸ ಬಿದ್ದರೂ ಸರಿ ಎಂಬುದು ಮೊದಲೇ ಮಾಡಿದ ತೀರ್ಮಾನವಾಗಿತ್ತು. ಅದು ಮೊದಲು ಅಪರಾಧ, ಆಮೇಲೆ ಯುದ್ಧತಂತ್ರದ ತಪ್ಪು. ಉಕ್ರೇನಿನ ಕೆಲವು ಊರುಗಳಲ್ಲಿ ಸ್ಟಾಲಿನ್ ಆಡಳಿತದ ಮೇಲಿನ ಸಿಟ್ಟಿನಿಂದ ಜರ್ಮನರನ್ನು ಸ್ವಾಗತಿಸಿದ ಜನರಿದ್ದರು. ಕೆಲವೇ ತಿಂಗಳಲ್ಲಿ ಆ ಭಾವನೆ ಕರಗಿತು. ಶರಣಾದರೆ ಸಾವೇ ಎಂದು ಗೊತ್ತಾದ ಮೇಲೆ ಶರಣಾಗುವವರಾರು? ಕಾಡು ಸೇರಿದ ಗೆರಿಲ್ಲಾಗಳು ಕಿತ್ತದ್ದು ಮತ್ತೆ ಅದೇ ರೈಲು ಹಳಿಗಳನ್ನು.

ಪ್ರಶ್ನೆ: ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಸೈನ್ಯವನ್ನು ಹಿಂದಕ್ಕೆ ಕರೆಸದಿದ್ದುದು ಹಿಟ್ಲರನ ಹಟವೇ?
– ಕಾಲೇಜು ವಿದ್ಯಾರ್ಥಿ, ಯಾದಗಿರಿ

ಉತ್ತರ: ಹಟವೂ ಇತ್ತು, ಆದರೆ ತಪ್ಪು ನಾಲ್ಕು ತಿಂಗಳ ಹಿಂದೆಯೇ ಆಗಿತ್ತು. 1942ರ ಬೇಸಿಗೆಯ ದಾಳಿಯ ಗುರಿ ಕಾಕಸಸ್‌ನ ಎಣ್ಣೆ. ರೊಮೇನಿಯಾದ ಪ್ಲೊಯೆಷ್ಟ್ ಬಾವಿಗಳು ಮತ್ತು ಕಲ್ಲಿದ್ದಲಿನಿಂದ ತೆಗೆದ ಕೃತಕ ಪೆಟ್ರೋಲು ಜರ್ಮನಿಗೆ ಸಾಲುತ್ತಿರಲಿಲ್ಲ. ಜುಲೈ 23ರಂದು ಹಿಟ್ಲರ್ ಸೈನ್ಯವನ್ನು ಇಬ್ಭಾಗ ಮಾಡಿ, ಒಂದನ್ನು ವೋಲ್ಗಾ ದಂಡೆಯ ಸ್ಟಾಲಿನ್‌ಗ್ರಾಡ್‌ಗೆ, ಇನ್ನೊಂದನ್ನು ದಕ್ಷಿಣದ ಎಣ್ಣೆ ಬಾವಿಗಳಿಗೆ ಒಂದೇ ಕಾಲಕ್ಕೆ ಕಳಿಸಿದ. ಇರುವ ಇಂಧನ ಒಂದಕ್ಕೇ ಸಾಲದು. ಆಗಸ್ಟ್ 9ರಂದು ಮೈಕೋಪ್ ಕೈಸೇರಿದಾಗ ಬಾವಿಗಳನ್ನು ಸೋವಿಯತ್ತರು ಹಾಳುಗೆಡವಿ ಹೋಗಿದ್ದರು. ಗ್ರೋಜ್ನಿ, ಬಾಕು ಸಿಗಲೇ ಇಲ್ಲ. ಇತ್ತ ಸ್ಟಾಲಿನ್‌ಗ್ರಾಡ್ ಬೀದಿಗಳಲ್ಲಿ ಜರ್ಮನಿಯ ಆರನೆಯ ಸೇನೆ ಮನೆಮನೆಗೂ ಹೊಡೆದಾಡುತ್ತಿದ್ದಾಗ, ಅದರ ಎರಡೂ ಪಕ್ಕೆಗಳನ್ನು ಕಾಯುವ ಹೊಣೆ ಮುಖ್ಯವಾಗಿ ಟ್ಯಾಂಕುನಾಶಕ ಫಿರಂಗಿಗಳ ಕೊರತೆಯಿದ್ದ ರೊಮೇನಿಯಾದ ಪಡೆಗಳ ಮೇಲೆ ಬಿದ್ದಿತ್ತು. ನವೆಂಬರ್ 19ರಂದು ಉತ್ತರದಿಂದ, ಮರುದಿನ ದಕ್ಷಿಣದಿಂದ ಸೋವಿಯತ್ ದಾಳಿ ನಡೆದು, 23ಕ್ಕೆ ಸುತ್ತುವರಿತ ಪೂರ್ಣವಾಯಿತು.

ಒಳಗೆ ಉಳಿದವರು ಎರಡೂವರೆ ಲಕ್ಷದಷ್ಟು. ವಿಮಾನದಿಂದ ಸಾಮಾನು ಮುಟ್ಟಿಸುತ್ತೇವೆಂದು ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟ. ಆ ವರ್ಷದ ಆರಂಭದಲ್ಲಿ ಡೆಮ್ಯಾನ್ಸ್ಕ್‌ನಲ್ಲಿ ಸುತ್ತುವರಿಯಲ್ಪಟ್ಟ ಸುಮಾರು 1 ಲಕ್ಷ ಸೈನಿಕರನ್ನು ಹಾಗೆ ಉಳಿಸಿಕೊಂಡಿದ್ದರು. ಆ ಯಶಸ್ಸೇ ಇಲ್ಲಿ ದಾರಿ ತಪ್ಪಿಸಿತು. ದಿನಕ್ಕೆ ಕನಿಷ್ಠ 300 ಟನ್ ಬೇಕೆಂದು ಲೆಕ್ಕವಾಗಿತ್ತು. ಯುಂಕರ್ಸ್ 52 ವಿಮಾನ ಒಮ್ಮೆಗೆ ಹೊರುವುದು ಸುಮಾರು 2 ಟನ್. ಎಂದರೆ ಹಿಮ, ಮಂಜು, ವಿಮಾನನಾಶಕ ಫಿರಂಗಿಗಳ ನಡುವೆ ಪ್ರತಿದಿನ 150 ಸಲ ಇಳಿಯಬೇಕು. ಸರಾಸರಿ ಮುಟ್ಟಿದ್ದು 100 ಟನ್ ಆಸುಪಾಸು. ಡಿಸೆಂಬರ್ 24ರಂದು ಈ ವಿಮಾನಗಳು ಹೊರಡುತ್ತಿದ್ದ ತಾತ್ಸಿನ್ಸ್ಕಾಯಾ ವಿಮಾನನೆಲೆಗೇ ಸೋವಿಯತ್ ಟ್ಯಾಂಕುಗಳು ನುಗ್ಗಿದವು. 1943ರ ಜನವರಿ 30ರಂದು ಹಿಟ್ಲರ್ ಆರನೆಯ ಸೇನೆಯ ಸೇನಾಪತಿ ಪೌಲುಸ್‌ಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ, ಆ ಪದವಿಯವನು ಶರಣಾಗಲಾರ, ಪ್ರಾಣ ಬಿಟ್ಟಾನು ಎಂಬ ಎಣಿಕೆಯಿಂದ. ಮರುದಿನವೇ ಪೌಲುಸ್ ಒಂದು ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಸೆರೆಯಾದ. ಫೆಬ್ರವರಿ 2ಕ್ಕೆ ಎಲ್ಲ ಮುಗಿದಾಗ ಸೆರೆಯಾದವರು ಸುಮಾರು 91,000.

ಪ್ರಶ್ನೆ: ರಷ್ಯಾದಲ್ಲಿ ಸಿಲುಕಿರುವಾಗ ಅಮೆರಿಕದ ಮೇಲೂ ಯುದ್ಧ ಸಾರುವ ಅಗತ್ಯವೇನಿತ್ತು?
– ಗೃಹಿಣಿ, ಬಸವಕಲ್ಯಾಣ

ಉತ್ತರ: ಜಪಾನ್ ಜೊತೆಗಿನ ಒಪ್ಪಂದದ ಪ್ರಕಾರ ಏನೂ ಇರಲಿಲ್ಲ. ಜಪಾನಿನ ಮೇಲೆ ಬೇರೆಯವರು ದಾಳಿ ಮಾಡಿದರೆ ಮಾತ್ರ ಜರ್ಮನಿ ನೆರವಾಗಬೇಕಿತ್ತು. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ್ದು ಜಪಾನೇ. ಆದರೂ 1941ರ ಡಿಸೆಂಬರ್ 11ರಂದು ಹಿಟ್ಲರ್ ಯುದ್ಧ ಸಾರಿದ. ಅಮೆರಿಕ ಹೇಗೂ ಬ್ರಿಟನ್ನಿಗೆ ನೆರವು ಕೊಡುತ್ತಿದೆ, ಜಪಾನ್ ಅದನ್ನು ಪೆಸಿಫಿಕ್‌ನಲ್ಲಿ ಕಟ್ಟಿಹಾಕುತ್ತದೆ, ತನ್ನ ಜಲಾಂತರ್ಗಾಮಿಗಳಿಗೆ ಅಟ್ಲಾಂಟಿಕ್‌ನಲ್ಲಿ ಕೈ ಬಿಚ್ಚಿದಂತಾಗುತ್ತದೆ ಎಂಬುದು ಅವನ ಎಣಿಕೆ. ಇದಕ್ಕೆ ಪ್ರತಿಯಾಗಿ ಜಪಾನ್ ರಷ್ಯಾದ ಮೇಲೆ ಯುದ್ಧ ಹೂಡಲಿಲ್ಲ. 1941ರ ಏಪ್ರಿಲ್‌ನಲ್ಲಿಯೇ ಅದು ಮಾಸ್ಕೋ ಜೊತೆ ತಟಸ್ಥ ಒಪ್ಪಂದ ಮಾಡಿಕೊಂಡಿತ್ತು. ಅಮೆರಿಕದಿಂದ ಸೋವಿಯತ್ ಸೇನೆಗೆ ಯುದ್ಧ ಮುಗಿಯುವುದರೊಳಗೆ ಬಂದ ಜೀಪು, ಲಾರಿಗಳೇ ಸುಮಾರು 4 ಲಕ್ಷ.

ಪ್ರಶ್ನೆ: ನಿಜಾಮರ ಹಣದಿಂದ ಕೊಂಡ ವಿಮಾನಗಳು ಜರ್ಮನರ ವಿರುದ್ಧ ಹಾರಿದವೆಂದು ನಮ್ಮ ಅಜ್ಜ ಹೇಳುತ್ತಿದ್ದರು. ನಿಜವೇ?
– ಶಾಲಾ ಶಿಕ್ಷಕರು, ಸೇಡಂ

ಉತ್ತರ: ನಿಜ. ಆಗ ನಮ್ಮ ಮೂರೂ ಜಿಲ್ಲೆಗಳ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬ್ರಿಟಿಷ್ ವಾಯುಪಡೆಯ 152 ಮತ್ತು 253ನೆಯ ಸ್ಕ್ವಾಡ್ರನ್‌ಗಳಿಗೆ ಹೈದರಾಬಾದಿನ ಹೆಸರಿತ್ತು. 152ರ ಲಾಂಛನದಲ್ಲಿ ನಿಜಾಮರ ಶಿರಸ್ತ್ರಾಣವೇ ಇದೆ. ಎರಡೂ 1940ರ ಬ್ರಿಟನ್ ವಾಯುಸಮರದಲ್ಲಿ ಹೋರಾಡಿದವು. ಆ ಸಮರದಲ್ಲಿ ಜರ್ಮನಿ ಮಾಡಿದ ತಪ್ಪು, ಬ್ರಿಟನ್ನಿನ ವಿಮಾನನೆಲೆಗಳ ಮೇಲಿನ ಒತ್ತಡವನ್ನು ಸಡಿಲಿಸಿ ಸೆಪ್ಟೆಂಬರ್ 7ರಿಂದ ಲಂಡನ್ ನಗರದ ಮೇಲೆ ಬಾಂಬು ಸುರಿಯತೊಡಗಿದ್ದು. ನಗರ ಸುಟ್ಟಿತು, ವಿಮಾನನೆಲೆಗಳಿಗೆ ಉಸಿರಾಡಲು ಬಿಡುವು ಸಿಕ್ಕಿತು. ಬ್ರಿಟನ್ ಉಳಿದದ್ದರಿಂದಲೇ ಹಿಟ್ಲರ್ ಬೆನ್ನ ಹಿಂದೆ ಶತ್ರುವನ್ನು ಬಿಟ್ಟು ರಷ್ಯಾಕ್ಕೆ ಹೋಗಬೇಕಾಯಿತು.

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿಯೂ ಜರ್ಮನಿ ಇಂಥದೇ ತಪ್ಪು ಮಾಡಿತ್ತೇ?
– ಓದುಗರು, ಸುರಪುರ

ಉತ್ತರ: ಬಹಳ ಮಟ್ಟಿಗೆ ಇಂಥದೇ. 1916ರ ಡಿಸೆಂಬರ್‌ನಲ್ಲಿ ಜರ್ಮನ್ ನೌಕಾಪಡೆಯ ಮುಖ್ಯಸ್ಥ ಹೋಲ್ಟ್‌ಸೆನ್‌ಡಾರ್ಫ್ ಒಂದು ಲೆಕ್ಕ ಮುಂದಿಟ್ಟ: ಜಲಾಂತರ್ಗಾಮಿಗಳು ತಿಂಗಳಿಗೆ 6 ಲಕ್ಷ ಟನ್ ಹಡಗುಗಳನ್ನು ಮುಳುಗಿಸಿದರೆ ಬ್ರಿಟನ್ ಐದು ತಿಂಗಳಲ್ಲಿ ಮಣಿಯುತ್ತದೆ, ಅಮೆರಿಕ ಯುದ್ಧಕ್ಕಿಳಿದರೂ ಅದರ ಸೈನ್ಯ ಬರುವುದರೊಳಗೆ ಎಲ್ಲ ಮುಗಿದಿರುತ್ತದೆ. 1917ರ ಫೆಬ್ರವರಿ 1ರಿಂದ ಯಾವ ದೇಶದ ಹಡಗೆಂದು ನೋಡದೆ ಮುಳುಗಿಸಲಾರಂಭಿಸಿದರು. ಏಪ್ರಿಲ್ 6ರಂದು ಅಮೆರಿಕ ಯುದ್ಧ ಸಾರಿತು. ಏಪ್ರಿಲ್‌ನಲ್ಲಿ ಮುಳುಗಿದ್ದು 8 ಲಕ್ಷ ಟನ್ನಿಗೂ ಹೆಚ್ಚು, ಅಂದರೆ ಲೆಕ್ಕದ ಮೊದಲ ಅರ್ಧ ಸರಿಯಾಗಿಯೇ ಇತ್ತು. ಆದರೆ ಬ್ರಿಟನ್ ಹಡಗುಗಳನ್ನು ಗುಂಪು ಕಟ್ಟಿಸಿ, ಯುದ್ಧನೌಕೆಗಳ ಕಾವಲಿನಲ್ಲಿ ಕಳಿಸತೊಡಗಿದ ಮೇಲೆ ನಷ್ಟ ಇಳಿಯಿತು. 1918ರ ಬೇಸಿಗೆಯ ಹೊತ್ತಿಗೆ ಅದೇ ಸಮುದ್ರ ದಾಟಿ ಫ್ರಾನ್ಸಿಗೆ ಬಂದಿಳಿದ ಅಮೆರಿಕನ್ ಸೈನಿಕರ ಸಂಖ್ಯೆ 10 ಲಕ್ಷ ಮೀರಿತ್ತು.