ದೊಡ್ಡ ಲೀಗ್, ಚಿಕ್ಕ ಲೀಗ್: ಬೇಸ್‌ಬಾಲ್ ಬಗ್ಗೆ ನೀವು ಕೇಳಿದ್ದು

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದಾನೆ. ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಟೀಮು ಹತ್ತಿರದಲ್ಲೇ ಇದೆಯಂತೆ. ಅದನ್ನು ಬಿಟ್ಟು ಊರಿನ ಚಿಕ್ಕ ಟೀಮಿನ ಆಟಕ್ಕೇ ಹೋಗ್ತಾನೆ. ದುಡ್ಡು ಉಳಿಸೋಕಾ?
– ಒಬ್ಬ ತಾಯಿ, ಧಾರವಾಡ

ಉತ್ತರ: ದುಡ್ಡೂ ಉಳಿಯುತ್ತದೆ ಅಮ್ಮಾ, ಆದರೆ ಕಾರಣ ಅದೊಂದೇ ಇರಲಾರದು. ಮೇಜರ್ ಲೀಗ್, ಅಂದರೆ ದೊಡ್ಡ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದರ ಕೆಳಗೂ ನಾಲ್ಕು ಮೆಟ್ಟಿಲು, ಕೆಳಗಿನಿಂದ ಮೇಲಕ್ಕೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಮೆಟ್ಟಿಲಿಗೆ ಒಂದು ತಂಡ, ಒಟ್ಟು 120. ಇದೇ ಮೈನರ್ ಲೀಗ್, ಚಿಕ್ಕ ಲೀಗ್. ಸ್ಯಾನ್ ಹೊಸೆ ಜೈಂಟ್ಸ್ ಅನ್ನುವುದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಸಿಂಗಲ್-ಎ ತಂಡ. ಅವರ ಮೈದಾನ 1942ರಲ್ಲಿ ಕಟ್ಟಿದ್ದು, ಚಿಕ್ಕದು. ಅಲ್ಲಿ ಆಡುವವರು ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು, ಆದರೆ ಸಂಬಳಕ್ಕೆ ಆಡುವವರು.

ಇಂಥ ಮೈದಾನಗಳಲ್ಲಿ ಆಟ ಎಷ್ಟು ಹತ್ತಿರ ಅಂದರೆ, ಪಿಚರ್ ಎಸೆದ ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಡಿಯುವ ಸದ್ದು ನಿಮ್ಮ ಎದೆಗೇ ಬಡಿದಂತಾಗುತ್ತದೆ. ಟಿವಿಯಲ್ಲಿ ಗಂಟೆಗೆ 95 ಮೈಲಿ ಅಂತ ಅಂಕಿ ಬರುತ್ತದೆ, ಅಷ್ಟೇ. ಇಲ್ಲಿ ಆ ವೇಗ ಕಿವಿಗೆ ಕೇಳುತ್ತದೆ, ಔಟಾದ ಹುಡುಗ ಡಗೌಟಿಗೆ ವಾಪಸ್ ನಡೆಯುವಾಗ ಅವನ ಮುಖ ಕಾಣುತ್ತದೆ, ಪಕ್ಕದಲ್ಲಿ ಕೂತ ಹುಡುಗ ಸ್ಪ್ಯಾನಿಷ್‌ನಲ್ಲಿ ಏನೋ ಸಮಾಧಾನ ಹೇಳುವುದೂ ಕೇಳಿಸುತ್ತದೆ. ಇವರಲ್ಲಿ ಎಷ್ಟೋ ಜನ ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದಿಂದ 16–17ರ ವಯಸ್ಸಿಗೇ ಸಹಿ ಹಾಕಿ ಬಂದವರು. ನಿಮ್ಮ ಮಗನಿಗೆ ಆ ರುಚಿ ಹತ್ತಿದೆ.

ಪ್ರಶ್ನೆ: ಸೀಸನ್ ಮಧ್ಯದಲ್ಲೇ ಚೆನ್ನಾಗಿ ಆಡುವವನನ್ನು ಮೇಲಿನ ತಂಡ ಎತ್ತಿಕೊಂಡು ಹೋಗುತ್ತದೆ ಅಂತ ಓದಿದೆ. ಹಾಗಾದರೆ ಆ ಊರಿನ ಜನಕ್ಕೆ ಮೋಸ ಅಲ್ವಾ?
– ಓದುಗ, ಶಿವಮೊಗ್ಗ

ಉತ್ತರ: ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ನಮ್ಮ ರಣಜಿ ತಂಡದಿಂದ ಭಾರತ ತಂಡಕ್ಕೆ ಹೋದವನು ಕರ್ನಾಟಕದವನಾಗಿಯೇ ಉಳಿಯುತ್ತಾನೆ, ಬಿಡುವಾದಾಗ ವಾಪಸ್ ಬಂದು ಆಡುತ್ತಾನೆ. ಮೈನರ್ ಲೀಗ್‌ನಲ್ಲಿ ಹಾಗಿಲ್ಲ. ಆಟಗಾರನ ಒಪ್ಪಂದ, ಸಂಬಳ, ಕೋಚ್ ಎಲ್ಲ ಮೇಲಿನ ತಂಡದ್ದೇ. ಊರಿನ ತಂಡಕ್ಕೆ ಮೈದಾನ ಇದೆ, ಟಿಕೆಟ್ ಇದೆ, ಅಭಿಮಾನಿಗಳಿದ್ದಾರೆ, ಆಟಗಾರರು ಮಾತ್ರ ಅವರ ಕೈಯಲ್ಲಿಲ್ಲ. ಈ ಪದ್ಧತಿಯನ್ನು ಗಟ್ಟಿಯಾಗಿ ಬೆಳೆಸಿದವರು ಬ್ರಾಂಚ್ ರಿಕಿ, 1920ರ ದಶಕದಲ್ಲಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ನಡೆಸುತ್ತಿದ್ದಾಗ. ಬೇರೆಯವರು ಬೆಳೆಸಿದ ಆಟಗಾರರನ್ನು ಕೊಳ್ಳಲು ಅವರ ಹತ್ತಿರ ದುಡ್ಡಿರಲಿಲ್ಲ. ಸರಿ, ನಾವೇ ಬೆಳೆಸೋಣ ಅಂದರು. ಮುಂದೆ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಹೋದ ಮೇಲೆ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಅವರನ್ನು ಕರೆತಂದವರೂ ಇವರೇ. 1947ರಲ್ಲಿ ರಾಬಿನ್ಸನ್ ಮೇಜರ್ ಲೀಗ್‌ಗೆ ಬಂದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಒಂದು ವರ್ಷ ಮೊದಲು, 1946ರ ಏಪ್ರಿಲ್ 18ರಂದು, ಮೈನರ್ ಲೀಗ್‌ನ ಮಾಂಟ್ರಿಯಲ್ ರಾಯಲ್ಸ್ ಪರ ಜರ್ಸಿ ಸಿಟಿಯಲ್ಲಿ ಮೊದಲ ಪಂದ್ಯ ಆಡಿ ನಾಲ್ಕು ಹಿಟ್ ಹೊಡೆದಿದ್ದರು, ಅದರಲ್ಲಿ ಒಂದು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ). ಬಿಳಿಯರ ಲೀಗಿನ ಬಾಗಿಲು ಅವರಿಗೆ ಮೊದಲು ತೆರೆದದ್ದು ಆ ದಿನ, ಚಿಕ್ಕ ಲೀಗ್‌ನಲ್ಲಿ.

ಮೋಸವಾ ಅಂದಿರಿ. ನೋವು ಇದೆ, ಮೋಸ ಅಲ್ಲ. 2009ರಲ್ಲಿ ಬಸ್ಟರ್ ಪೋಸಿ ಸ್ಯಾನ್ ಹೊಸೆಯಲ್ಲಿ ಕ್ಯಾಚರ್. ಅದೇ ವರ್ಷ ಅವರು ಅಲ್ಲಿಂದ ಟ್ರಿಪಲ್-ಎ ತಂಡವಾದ ಫ್ರೆಸ್ನೊಗೆ, ಫ್ರೆಸ್ನೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಕೂಡ ಅದೇ ವರ್ಷ ಸ್ಯಾನ್ ಹೊಸೆಯಿಂದ ಮೇಲೇರಿದರು. 2010ರಲ್ಲಿ ಇಬ್ಬರೂ ಸೇರಿ ಸ್ಯಾನ್ ಫ್ರಾನ್ಸಿಸ್ಕೊಗೆ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿ, ಗೆಲ್ಲಿಸಿದರು. ಆವತ್ತು ಟಿವಿ ಮುಂದೆ ಕೂತ ಸ್ಯಾನ್ ಹೊಸೆಯ ಮಂದಿಗೆ, ಈ ಹುಡುಗರನ್ನು ನಾವು ಮೊದಲೇ ನೋಡಿದ್ದೆವು ಅನ್ನುವ ಹೆಮ್ಮೆ ಇದ್ದೇ ಇತ್ತು. ಚಿಕ್ಕ ತಂಡದ ಅಭಿಮಾನಿಗೆ ಸಿಗುವುದು ಅದು. ನನಗೆ ಟ್ರೋಫಿಗಿಂತ ಅದೇ ಜಾಸ್ತಿ.

ನಿಜಕ್ಕೂ ಅನ್ಯಾಯ ಆದದ್ದು ಬೇರೆ ಕಡೆ. 2020ರವರೆಗೆ ಇಂಥ ತಂಡಗಳು 160 ಇದ್ದವು. 2021ರಲ್ಲಿ ಮೇಜರ್ ಲೀಗ್ ಅದನ್ನು 120ಕ್ಕೆ ಇಳಿಸಿತು. ಅಪಲೇಚಿಯನ್ ಬೆಟ್ಟಸೀಮೆಯ ಸಣ್ಣ ಸಣ್ಣ ಊರುಗಳ ಒಂದಿಡೀ ಲೀಗ್ ಹೋಗಿ, ಅಲ್ಲೀಗ ಬೇಸಿಗೆಯಲ್ಲಿ ಕಾಲೇಜು ಹುಡುಗರು ಆಡುತ್ತಾರೆ. ಲೆಕ್ಕಪತ್ರದಲ್ಲಿ ಅದು ಸರಿ ಕಾಣಬಹುದು. ಸಂಜೆಯಾದರೆ ಹೋಗಲು ಬೇರೆ ಜಾಗವಿಲ್ಲದ ಊರುಗಳು ಅವು. ಆಟ ಬೇರು ಬಿಡುವುದೇ ಅಂಥ ಕಡೆ, ಅಲ್ಲೇ ಕತ್ತರಿಸಿದರು ಅಂತ ನನಗೆ ಈಗಲೂ ಸಿಟ್ಟಿದೆ.

ಪ್ರಶ್ನೆ: ಬೇಸ್‌ಬಾಲ್ ಆಟಗಾರರು ಕೋಟಿ ಕೋಟಿ ಎಣಿಸುತ್ತಾರಂತೆ. ಚಿಕ್ಕ ಲೀಗ್‌ನವರೂ?
– ಓದುಗ, ಬೆಂಗಳೂರು

ಉತ್ತರ: ಇಲ್ಲ. 2023ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,20,000 ಡಾಲರ್. ಅದರ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎಯಲ್ಲಿ 35,800. ಈ ಮೊತ್ತವೂ ಸುಮ್ನೆ ಬಂದದ್ದಲ್ಲ. 2022ರಲ್ಲಿ ಮೈನರ್ ಲೀಗ್ ಆಟಗಾರರು ಮೇಜರ್ ಲೀಗ್‌ನವರ ಸಂಘವನ್ನೇ ಸೇರಿಕೊಂಡರು, ಮರುವರ್ಷ ಮೊದಲ ಒಪ್ಪಂದ ಆಯಿತು. ಮುಂಚೆ ಇದರ ಅರ್ಧದಷ್ಟೂ ಇರಲಿಲ್ಲ. ಆರು ಜನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಮಲಗುವ ಸ್ಥಿತಿ ಇತ್ತು. ಈಗ ವಸತಿಯನ್ನು ತಂಡವೇ ಕೊಡಬೇಕು. ಇವರಲ್ಲಿ ಬಹುಪಾಲು ಜನ ಮೇಜರ್ ಲೀಗ್‌ನಲ್ಲಿ ಒಂದು ದಿನವೂ ಆಡುವುದಿಲ್ಲ ಅನ್ನುವುದನ್ನು ನೆನಪಿಟ್ಟು ಆ ಸಂಬಳ ನೋಡಿ.

ಪ್ರಶ್ನೆ: ಭಾರತದವರು ಯಾರಾದರೂ ಆಡಿದ್ದಾರಾ?
– ವಿದ್ಯಾರ್ಥಿ, ಹಾಸನ

ಉತ್ತರ: ಆಡಿದ್ದಾರೆ. ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟ್‌ನ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್. ಇಬ್ಬರೂ ಜಾವೆಲಿನ್ ಎಸೆಯುವವರು. 2008ರಲ್ಲಿ ಟಿವಿಯ ಎಸೆತದ ಸ್ಪರ್ಧೆಯೊಂದರಿಂದ ಆಯ್ಕೆಯಾಗಿ ಅಮೆರಿಕಕ್ಕೆ ಹೋದರು, ಆ ವರ್ಷವೇ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದರು. ಆ ಸ್ಪರ್ಧೆಗೆ ಮೊದಲು ಬೇಸ್‌ಬಾಲ್ ಗ್ಲೌಸನ್ನೇ ಹಾಕಿ ಗೊತ್ತಿರಲಿಲ್ಲ. 2009ರಲ್ಲಿ ಮೈನರ್ ಲೀಗ್‌ನ ಕೆಳಮೆಟ್ಟಿಲಿನಲ್ಲಿ ಇಬ್ಬರೂ ಪಿಚ್ ಮಾಡಿದರು. ರಿಂಕು ಸಿಂಗಲ್-ಎವರೆಗೆ ಹೋದರು, ಆಮೇಲೆ ಗಾಯಗಳು ಬಿಡಲಿಲ್ಲ. ಮೇಜರ್ ಲೀಗ್ ಮುಟ್ಟಲಿಲ್ಲ, ಹೌದು. ಆದರೆ ಏನೂ ಗೊತ್ತಿಲ್ಲದೆ ಹೋಗಿ ಮರುವರ್ಷವೇ ಸಂಬಳದ ಬೇಸ್‌ಬಾಲ್ ಆಡಿದ್ದನ್ನು ಸಣ್ಣದು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ಬಹಳ ನಿಧಾನದ ಆಟ, ನಿದ್ದೆ ಬರುತ್ತೆ ಅಂತಾರಲ್ಲ?
– ಓದುಗಿ, ಉಡುಪಿ

ಉತ್ತರ: ಆ ದೂರು ಹಳೆಯದಾಯಿತು. 2023ರಿಂದ ಪಿಚರ್‌ಗೆ ಗಡಿಯಾರ ಇಟ್ಟಿದ್ದಾರೆ. ಬೇಸ್ (ಓಡುವವರು ಮುಟ್ಟಿ ನಿಲ್ಲುವ ಜಾಗ) ಮೇಲೆ ಯಾರೂ ಇಲ್ಲದಿದ್ದರೆ 15 ಸೆಕೆಂಡಿನಲ್ಲಿ ಎಸೆಯಬೇಕು. ಮೂರು ಗಂಟೆ ದಾಟುತ್ತಿದ್ದ ಪಂದ್ಯ ಸರಾಸರಿ 2 ಗಂಟೆ 40 ನಿಮಿಷಕ್ಕೆ ಬಂತು. ಈ ಗಡಿಯಾರವನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದೂ ಮೈನರ್ ಲೀಗ್‌ನಲ್ಲೇ.

ಆದರೂ ನಿಧಾನದ ಒಂದು ಕತೆ ಹೇಳಲೇಬೇಕು. 1981ರ ಏಪ್ರಿಲ್ 18ರ ರಾತ್ರಿ, ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿ ಟ್ರಿಪಲ್-ಎ ಪಂದ್ಯ, ಎದುರಾಳಿ ರಾಚೆಸ್ಟರ್. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಾದದ್ದು ಬೆಳಗಿನ ಜಾವ ನಾಲ್ಕು ದಾಟಿದರೂ ಸಮ. 32 ಇನ್ನಿಂಗ್ಸ್ ಆಗಿತ್ತು, ಸ್ಟ್ಯಾಂಡಿನಲ್ಲಿ ಉಳಿದಿದ್ದವರು 19 ಜನ. ಚಳಿಗೆ ಮುರಿದ ಬ್ಯಾಟುಗಳನ್ನೇ ಸುಟ್ಟು ಕೈ ಕಾಯಿಸಿಕೊಂಡರಂತೆ. ಜೂನ್ 23ರಂದು ಮತ್ತೆ ಶುರು ಮಾಡಿದಾಗ 33ನೆಯ ಇನ್ನಿಂಗ್ಸ್ 18 ನಿಮಿಷಕ್ಕೆ ಮುಗಿದು ಪಾಟಕೆಟ್ 3–2ರಿಂದ ಗೆದ್ದಿತು. ಆ ಪಂದ್ಯದಲ್ಲಿ ಆ ಕಡೆ ಕ್ಯಾಲ್ ರಿಪ್ಕನ್, ಈ ಕಡೆ ವೇಡ್ ಬಾಗ್ಸ್. ಇಬ್ಬರೂ ಮುಂದೆ ಬೇಸ್‌ಬಾಲ್ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದರು. ಈಗ ಪಂದ್ಯ ಬೇಗ ಮುಗಿಯಲಿ ಅಂತ ಹೆಚ್ಚುವರಿ ಇನ್ನಿಂಗ್ಸ್‌ಗೆ ಎರಡನೇ ಬೇಸಿನಲ್ಲಿ ಒಬ್ಬನನ್ನು ನಿಲ್ಲಿಸಿಯೇ ಆಟ ಶುರು ಮಾಡುತ್ತಾರೆ, ಇಂಥ ರಾತ್ರಿ ಇನ್ನು ಬರುವುದು ಕಷ್ಟ. ನನಗೆ ಆ ನಿಯಮ ಇಷ್ಟವಿಲ್ಲ.

ಪ್ರಶ್ನೆ: ಜೂನ್‌ನಲ್ಲಿ ಮಗಳ ಮನೆಗೆ, ಸ್ಯಾನ್ ಫ್ರಾನ್ಸಿಸ್ಕೊ ಕಡೆಗೇ ಹೋಗ್ತಿದ್ದೇವೆ. ಒಂದು ಪಂದ್ಯ ನೋಡುವುದಾದರೆ ಯಾವುದು?
– ದಂಪತಿ, ಮೈಸೂರು

ಉತ್ತರ: ಎರಡು ನೋಡಿ. ಮೊದಲು ಸ್ಯಾನ್ ಹೊಸೆ, ಹಗಲಿನ ಆಟ ಸಿಕ್ಕರೆ ಒಳ್ಳೆಯದು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸ್ಟ್ರೈಕ್, ನಾಲ್ಕು ಬಾಲ್ ಅರ್ಥ ಮಾಡಿಕೊಳ್ಳಿ, ಅಷ್ಟು ಸಾಕು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಮೈದಾನ, ಓರೇಕಲ್ ಪಾರ್ಕ್. ಅಲ್ಲಿ ಬಲಗಡೆ ಗೋಡೆಯಾಚೆ ಸಮುದ್ರದ ನೀರು, ಹೋಮ್ ರನ್ ಚೆಂಡು ಹಿಡಿಯಲು ಜನ ದೋಣಿಯಲ್ಲಿ ಕಾಯುತ್ತಿರುತ್ತಾರೆ. ಜೂನ್ ಅಂತ ನಂಬಬೇಡಿ, ಸಂಜೆ ಗಾಳಿ ವಿಪರೀತ ಚಳಿ, ಇಬ್ಬರೂ ಸ್ವೆಟರ್ ಒಯ್ಯಿರಿ. ಮತ್ತೆ, ಎರಡೂ ಕಡೆ ಬಲೆ ಇಲ್ಲದ ಜಾಗದಲ್ಲಿ ಕೂತರೆ ಬ್ಯಾಟರ್ ಮೇಲಿಂದ ಕಣ್ಣು ತೆಗೆಯಬೇಡಿ, ಗೆರೆಯಾಚೆ ಸಿಡಿಯುವ ಫೌಲ್ ಚೆಂಡು ಬಹಳ ಜೋರಾಗಿ ಬರುತ್ತದೆ.